ನಡುದಾರಿಯಲ್ಲಿ ನಿಂತ ಹಣ

ಕಳೆದ ತಿಂಗಳು ಒಂದು ಸಂಜೆ ನೆರೆಮನೆಯ ತಾಯಿಯೊಬ್ಬರು ಗಾಬರಿಯಿಂದ ನಮ್ಮ ಪಡಸಾಲೆಗೆ ಬಂದರು. ಪುಣೆಯಲ್ಲಿ ಕಲಿಯುತ್ತಿರುವ ಮಗಳ ಪರೀಕ್ಷಾ ಶುಲ್ಕವನ್ನು ಅವರು ಮೊಬೈಲ್ ಮೂಲಕ ತುಂಬಿದ್ದರು. ಬ್ಯಾಂಕಿನ ಖಾತೆಯಿಂದ ಹಣ ಕಡಿತವಾಗಿತ್ತು. ಕಾಲೇಜಿನ ಲೆಕ್ಕದಲ್ಲಿ ಮಾತ್ರ ಶುಲ್ಕ ಬಾಕಿಯೆಂದೇ ಇತ್ತು. ಮರುದಿನವೇ ಕೊನೆಯ ತಾರೀಖು.

“ಗುರುಗಳೇ, ರೊಕ್ಕ ಹೋತ್ರಿ, ಪಾವತಿ ಬರಲಿಲ್ಲ. ಇನ್ನೊಮ್ಮೆ ಕಳಸಲೇನ್ರಿ?”

“ತಡಿಯವ್ವ, ಈಗ ಕಳಸಬ್ಯಾಡ” ಎಂದೆ. ವ್ಯವಹಾರದ ಸಂಖ್ಯೆಯನ್ನು ಬರೆದುಕೊಂಡು ಮಗಳ ಮೂಲಕ ಕಾಲೇಜಿನ ಕಚೇರಿಗೆ ತಿಳಿಸಿದೆವು. ಅವರು ಅದನ್ನು ಗುರುತು ಮಾಡಿಕೊಂಡು ಅರ್ಜಿಯನ್ನು ಸ್ವೀಕರಿಸಿದರು. ಮೂರನೆಯ ದಿನ ಪಾವತಿ ಬಂದಿತು. ಹಣ ಕಳುವಾಗಿರಲಿಲ್ಲ, ನಡುದಾರಿಯಲ್ಲಿ ನಿಂತಿತ್ತು. ಆದರೆ ಆ ತಾಯಿ ಎರಡು ರಾತ್ರಿ ನಿದ್ರೆ ಮಾಡಿರಲಿಲ್ಲ.

ಈ ನಡುದಾರಿಯಾದರೂ ಏಕಿರಬೇಕು? ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿದೆ. ಅವನು ಎರಿಕ್ ಇವಾನ್ಸ್ ಎಂಬವರು 2003ರಲ್ಲಿ ಪ್ರಕಟಿಸಿದ ‘ಡೊಮೇನ್ ಡ್ರಿವನ್ ಡಿಸೈನ್’ ಎಂಬ ಗ್ರಂಥದ ವಿಚಾರವನ್ನು ತಿಳಿಸಿದ. ಸಾಫ್ಟ್‌ವೇರು ಯಾವ ವ್ಯವಹಾರಕ್ಕೆ ನೆರವಾಗಬೇಕೋ ಆ ವ್ಯವಹಾರದ ಮಾತು ಮತ್ತು ನಿಯಮಗಳ ಮೇಲೆಯೇ ಅದನ್ನು ಕಟ್ಟಬೇಕೆಂಬುದು ಅದರ ತಿರುಳು. ಯಾವಾಗಲೂ ಒಂದಕ್ಕೊಂದು ತಾಳೆಯಾಗಿರಲೇಬೇಕಾದ ಸಂಗತಿಗಳ ಗುಂಪಿಗೆ ಅಲ್ಲಿ ‘ಅಗ್ರಿಗೇಟ್’ ಎಂದು ಹೆಸರು. ಪ್ರತಿಯೊಂದು ಗುಂಪಿಗೂ ಒಬ್ಬ ಯಜಮಾನನುಂಟು. ಅವನನ್ನು ಕೇಳದೆ ಒಳಗಿನದನ್ನು ಹೊರಗಿನವರು ಮುಟ್ಟುವಂತಿಲ್ಲ. ಬ್ಯಾಂಕಿನ ಖಾತೆ ಅಂಥದೊಂದು, ಕಾಲೇಜಿನ ಶುಲ್ಕದ ಲೆಕ್ಕ ಇನ್ನೊಂದು.

ಶಾಲೆಗಳ ರೀತಿಯೂ ಇದೇ ಅಲ್ಲವೆ? ಜತ್ತದ ಶಾಲೆಯ ದಾಖಲಾತಿ ವಹಿಯಲ್ಲಿ ವಿಜಯಪುರದ ಮುಖ್ಯಾಧ್ಯಾಪಕರು ಬರೆಯುವಂತಿಲ್ಲ. ಮಗು ಶಾಲೆ ಬದಲಿಸಿದರೆ ಒಬ್ಬರು ತಮ್ಮ ವಹಿಯಲ್ಲಿ ಹೆಸರು ತೆಗೆದು ಪತ್ರ ಕೊಡುತ್ತಾರೆ. ಇನ್ನೊಬ್ಬರು ಅದನ್ನು ನೋಡಿ ತಮ್ಮ ವಹಿಯಲ್ಲಿ ಹೆಸರು ಬರೆಯುತ್ತಾರೆ.

ಎರಡು ವಹಿಗಳಿಗೂ ಏಕಕಾಲಕ್ಕೆ ಬೀಗ ಹಾಕಿ, ಎರಡರಲ್ಲಿಯೂ ಬರೆದ ಮೇಲೆಯೇ ಬೀಗ ತೆಗೆಯಬಹುದಲ್ಲ ಎಂದು ಕೆಲವರು ಕೇಳಿಯಾರು. ಹಾಗೆ ಮಾಡಿದರೆ ಒಂದು ಕಡೆ ತಡವಾದಾಗ ಎರಡೂ ಕಡೆಯ ಜನ ಕಾಯಬೇಕಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಅಗ್ರಿಗೇಟನ್ನು ಬದಲಿಸಿ, ಉಳಿದವುಗಳಿಗೆ ಸುದ್ದಿ ಕಳಿಸಬೇಕೆಂಬ ಪದ್ಧತಿ ಬಂದಿದೆ. ವಾನ್ ವರ್ನನ್ ಎಂಬವರು 2011ರ ಲೇಖನಗಳಲ್ಲಿ ಇದನ್ನು ವಿವರವಾಗಿ ಪ್ರತಿಪಾದಿಸಿದ್ದಾರೆ.

ಸುದ್ದಿ ಕಳಿಸುವುದಕ್ಕೂ ಶಿಸ್ತು ಬೇಕು. ಮೊದಲನೆಯದಾಗಿ, ತನ್ನ ವಹಿಯಲ್ಲಿ ಬದಲಾವಣೆ ಬರೆಯುವಾಗಲೇ ಜಾವಕ ವಹಿಯಲ್ಲಿಯೂ ನಮೂದಾಗಬೇಕು. ಇಲ್ಲವಾದರೆ ಹಣ ಹೋದೀತು, ಸುದ್ದಿ ಹೋಗದು. ಎರಡನೆಯದಾಗಿ, ಉತ್ತರ ಬಾರದಿದ್ದರೆ ಅದೇ ಪತ್ರವನ್ನು ಮತ್ತೆ ಕಳಿಸಬೇಕಾಗುತ್ತದೆ. ಆದ್ದರಿಂದ ಪಡೆಯುವವನು ಪತ್ರದ ಜಾವಕ ಸಂಖ್ಯೆಯನ್ನು ಪರಿಶೀಲಿಸಿ, ಎರಡು ಸಲ ಬಂದ ಪತ್ರಕ್ಕೆ ಒಂದೇ ಸಲ ಕೆಲಸ ಮಾಡಬೇಕು. ಆ ತಾಯಿ ಮತ್ತೊಮ್ಮೆ ತುಂಬಿದ್ದರೆ ಅದು ಹೊಸ ಸಂಖ್ಯೆಯ ಹೊಸ ವ್ಯವಹಾರವೇ ಆಗುತ್ತಿತ್ತು. ಹಣ ಎರಡು ಸಲ ಹೋಗುತ್ತಿತ್ತು. ನಾನು ತಡೆದದ್ದು ಇದಕ್ಕಾಗಿ.

ಮೂರನೆಯದಾಗಿ, ಮುಂದಿನ ಹೆಜ್ಜೆ ಕೈಗೂಡದಿದ್ದರೆ ಹಿಂದಿನದನ್ನು ಅಳಿಸಬಾರದು, ಅದಕ್ಕೆ ಎದುರಾಗಿ ಪರಿಹಾರದ ನಮೂದು ಬರೆಯಬೇಕು. ಕಡಿತವಾದ ಹಣ ಜಮೆಯಾಗಿ ಮರಳುವುದು ಹೀಗೆಯೇ. ದೀರ್ಘ ಕಾಲ ನಡೆಯುವ ವ್ಯವಹಾರಗಳಿಗೆ ಈ ಕ್ರಮವನ್ನು ‘ಸಾಗಾ’ ಎಂಬ ಹೆಸರಿನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ ಅವರು 1987ರಲ್ಲಿಯೇ ನಿರೂಪಿಸಿದ್ದರು.

ಇವೆಲ್ಲಕ್ಕಿಂತ ಮುಖ್ಯವಾದುದು ಅವಧಿ. ಅಗ್ರಿಗೇಟುಗಳ ನಡುವಿನ ನಿಯಮಗಳು ಎಲ್ಲ ಕ್ಷಣದಲ್ಲಿಯೂ ತಾಳೆಯಾಗಿರಬೇಕಿಲ್ಲ, ಗೊತ್ತಾದ ಕಾಲದೊಳಗೆ ತಾಳೆಯಾದರೆ ಸಾಕೆಂದು ಇವಾನ್ಸರು ಬರೆದಿದ್ದಾರೆ. ಆ ಕಾಲ ಎಷ್ಟೆಂಬುದನ್ನು ಯಂತ್ರ ಹೇಳಲಾರದು, ಮನುಷ್ಯರೇ ಗೊತ್ತುಪಡಿಸಬೇಕು. ಯುಪಿಐ ಮೂಲಕ ವ್ಯಾಪಾರಿಗೆ ಕೊಟ್ಟ ಹಣ ಖಾತೆಯಿಂದ ಕಡಿತವಾಗಿಯೂ ಅವನಿಗೆ ಖಾತರಿ ತಲುಪದಿದ್ದರೆ 5 ದಿನಗಳೊಳಗೆ ತಾನಾಗಿಯೇ ಹಿಂತಿರುಗಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ವಿಧಿಸಿತು.

ನಮ್ಮ ಗಡಿಯ ಮಕ್ಕಳಿಗೂ ಇಂಥ ರಕ್ಷಣೆಯೊಂದುಂಟು. ಸರಕಾರಿ ಮತ್ತು ಅನುದಾನಿತ ಶಾಲೆಗೆ ವರ್ಗವಾಗಿ ಬರುವ ಮಗುವಿನ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯದೆಯ 5ನೆಯ ಕಲಮು. ರಾಜ್ಯದ ಗಡಿ ದಾಟಿ ಬಂದ ಮಗುವಿಗೂ ಇದು ಅನ್ವಯಿಸುತ್ತದೆ. ಪತ್ರ ದಾರಿಯಲ್ಲಿರಲಿ, ಮಗು ತರಗತಿಯಲ್ಲಿರಲಿ ಎಂಬುದೇ ಇದರ ಆಶಯ.

ಎರಡು ವಹಿಗಳ ನಡುವೆ ಅಂತರವಿರುವುದು ದೋಷವಲ್ಲ. ಆ ಅಂತರದಲ್ಲಿ ಸಿಕ್ಕಿಕೊಂಡವರಿಗೆ ಎಷ್ಟು ದಿನ ಕಾಯಬೇಕು, ಯಾರನ್ನು ಕೇಳಬೇಕು ಎಂಬುದನ್ನು ತಿಳಿಸದಿರುವುದೇ ದೋಷ. ಮೊಬೈಲಿನ ಪರದೆಯ ಮೇಲೆ ಅಂದು ಅಷ್ಟು ಮಾತು ಮೂಡಿದ್ದರೆ ಆ ತಾಯಿ ನೆಮ್ಮದಿಯಿಂದ ಮಲಗುತ್ತಿದ್ದರು. ಸಾಫ್ಟ್‌ವೇರ್ ಕಟ್ಟುವ ನಮ್ಮ ಮಕ್ಕಳಿಗೂ ವಹಿ ಬರೆಯುವ ನಮ್ಮಂಥವರಿಗೂ ಇದು ಸಮಾನವಾದ ಪಾಠ.