ಡಾಕ್ಟರೇಟಿನ ಮುಂದೇನು?

ನಮ್ಮ ಹೋಟೆಲು ಬಂಧುಗಳಲ್ಲಿಯೂ ಕಚೇರಿಯ ಗುಮಾಸ್ತರಲ್ಲಿಯೂ ಮಕ್ಕಳನ್ನು ವಿಜ್ಞಾನದ ಉಚ್ಚ ಪದವಿಗಳವರೆಗೆ ಓದಿಸಿದವರಿದ್ದಾರೆ. ಮಗನೋ ಮಗಳೋ ಡಾಕ್ಟರೇಟು ಪಡೆದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಮರುದಿನವೇ “ಇನ್ನು ನೌಕರಿ ಯಾವಾಗ?” ಎಂಬ ಪ್ರಶ್ನೆ ಏಳುತ್ತದೆ. “ಇನ್ನೆರಡು ವರ್ಷ ಸಂಶೋಧನೆ” ಎಂಬ ಉತ್ತರ ಕೇಳಿ ತಂದೆಯ ಮುಖ ಬಾಡುವುದು ಸಹಜ. ಈ ಕಳವಳಕ್ಕೆ ಕಾರಣವಿಲ್ಲದಿಲ್ಲ. ಆದರೆ ಅದರಲ್ಲಿ ತಪ್ಪು ತಿಳಿವಳಿಕೆಯ ಪಾಲೂ ಉಂಟು.

ಗಾಮಾ ಕಿರಣಗಳ ಖಗೋಲ ವಿಜ್ಞಾನವನ್ನೇ ತೆಗೆದುಕೊಳ್ಳೋಣ. ೧೦೫೪ರಲ್ಲಿ ಸಿಡಿದು ಕಂಡ ನಕ್ಷತ್ರವೊಂದರ ಅವಶೇಷದಂತಹ ಆಕರಗಳಿಂದ ಬರುವ ಈ ಕಿರಣಗಳು ನಮ್ಮ ವಾಯುಮಂಡಲಕ್ಕೆ ಬಡಿದಾಗ ಕಣಗಳ ಮಳೆಯೇ ಹುಟ್ಟಿ, ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲಿನಷ್ಟು ಕಾಲ ನಸುನೀಲಿ ಬೆಳಕು ಮಿನುಗುತ್ತದೆ. ಅದನ್ನು ಹಿಡಿಯುವ ೨೧ ಮೀಟರ್ ವ್ಯಾಸದ ‘ಮೇಸ್’ ದೂರದರ್ಶಕವು ಲಡಾಖಿನ ಹಾನ್ಲೆಯಲ್ಲಿ, ಸುಮಾರು ೪,೩೦೦ ಮೀಟರ್ ಎತ್ತರದಲ್ಲಿ, ೨೦೨೪ರ ಅಕ್ಟೋಬರ್ ೪ರಂದು ಉದ್ಘಾಟನೆಗೊಂಡಿತು. ಅದನ್ನು ಕಟ್ಟಿದ್ದು ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರ. ನೆರವಾದದ್ದು ಹೈದರಾಬಾದಿನ ಇ.ಸಿ.ಐ.ಎಲ್. ಎರಡೂ ನಾವು ಅನ್ನ ಹುಡುಕಿಕೊಂಡು ಬಂದ ಊರುಗಳೇ. ಆಕಾಶದ ಕಣಗಳ ಶೋಧನೆಯು ಕನ್ನಡ ನಾಡಿಗೂ ಹೊಸದಲ್ಲ. ೧೯೬೫ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಜಪಾನ್, ಬ್ರಿಟನ್ನಿನ ವಿಜ್ಞಾನಿಗಳೊಡನೆ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಗುರುತಿಸಿದ್ದರು.

ಡಾಕ್ಟರೇಟಿನ ನಂತರದ ಸಂಶೋಧನೆಯೆಂದರೆ ನಿರುದ್ಯೋಗವಲ್ಲ, ವೇತನವುಳ್ಳ ದುಡಿಮೆ. ಕೇಂದ್ರ ಸರಕಾರವು ೨೦೨೩ರ ಜನವರಿಯಿಂದ ಸಂಶೋಧನ ಸಹಾಯಕರ ಮೊದಲ ದರ್ಜೆಗೆ ಮನೆಬಾಡಿಗೆಯ ಹೊರತಾಗಿ ತಿಂಗಳಿಗೆ ೫೮,೦೦೦ ರೂಪಾಯಿ ನಿಗದಿಪಡಿಸಿತು. ನಮೀಬಿಯದ ದೂರದರ್ಶಕಗಳೊಡನೆ ದುಡಿಯುವ ಜರ್ಮನಿಯ ಹೈಡೆಲ್‌ಬರ್ಗಿನಂತಹ ಕೇಂದ್ರಗಳೂ ಹೊರದೇಶದವರನ್ನು ಕರೆದುಕೊಳ್ಳುತ್ತವೆ. ಯುರೋಪು, ಅಮೆರಿಕಗಳ ಇಂತಹ ಪ್ರಕಟಣೆಗಳಲ್ಲಿ ಬಹಳಷ್ಟು ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಬರುತ್ತವೆ. ಕೆಲಸ ಮುಂದಿನ ವರ್ಷ ಆರಂಭವಾಗುತ್ತದೆ. ಆದುದರಿಂದ ಪ್ರಬಂಧ ಒಪ್ಪಿಸುವ ಮೊದಲೇ ಅರ್ಜಿಯನ್ನೂ ಗುರುಗಳ ಶಿಫಾರಸು ಪತ್ರಗಳನ್ನೂ ಸಿದ್ಧಪಡಿಸುವುದು ಲೇಸು.

ಆದರೆ ಇದರ ಇನ್ನೊಂದು ಮುಖವನ್ನು ಮರೆಮಾಚಲಾರೆವು. ಈ ಹುದ್ದೆಗಳು ಸಾಮಾನ್ಯವಾಗಿ ಎರಡು ಮೂರು ವರ್ಷಗಳವು. ಖಾಯಂ ಸ್ಥಾನಗಳಾದರೋ ಬೆರಳೆಣಿಕೆಯವು. ಉಳ್ಳವರ ಮಕ್ಕಳು ನಡುವಿನ ಬಿಡುವನ್ನು ತಾಳಿಕೊಂಡಾರು. ಹೋಟೆಲಿನಲ್ಲಿ ನಿಂತು ದುಡಿಯುವವನ ಮಗಳು ಹೇಗೆ ತಾಳಬೇಕು? ಕೋಟಿಗಟ್ಟಲೆ ವೆಚ್ಚದಲ್ಲಿ ದೂರದರ್ಶಕ ಕಟ್ಟಿದ ಸರಕಾರವು ಅದರ ಮುಂದೆ ರಾತ್ರಿ ಕಳೆಯುವ ತರುಣರಿಗೆ ಸಕಾಲದಲ್ಲಿ ವೇತನವನ್ನೂ ಮುಂದಿನ ದಾರಿಯನ್ನೂ ಒದಗಿಸುವುದು ಉಪಕಾರವಲ್ಲ, ಕರ್ತವ್ಯ.

ನಮ್ಮ ಸಂಘಗಳಿಗೂ ಒಂದು ಮಾತು. ಹಗಲು ತಟ್ಟೆ ತೊಳೆದ ಹುಡುಗರಿಗೆ ರಾತ್ರಿಶಾಲೆ ತೆರೆದ ಸಮಾಜ ನಮ್ಮದು. ಆ ದೀಪವನ್ನು ಅಕ್ಷರದ ಹೊಸ್ತಿಲಲ್ಲೇ ನಿಲ್ಲಿಸಬಾರದು. ಎರಡು ಹುದ್ದೆಗಳ ನಡುವೆ ಸಿಲುಕಿದ ಸಂಶೋಧಕನಿಗೆ ಆರು ತಿಂಗಳ ವಸತಿ, ಬಡ್ಡಿಯಿಲ್ಲದ ಸಾಲ — ಇಷ್ಟು ನಮ್ಮ ಕೈಮೀರಿದ್ದಲ್ಲ. ತಂದೆತಾಯಂದಿರು ಎರಡು ವರ್ಷ ತಾಳಲಿ. ಆ ತಾಳ್ಮೆಯ ಭಾರವನ್ನು ಸಮಾಜವೂ ಹೊರಲಿ.