ಗಾಜಿನ ಲೋಟದಲ್ಲಿ ವಸಂತ

ಚೀನಾ ದೇಶದ ಪೂರ್ವಭಾಗದಲ್ಲಿರುವ ಹಾಂಗ್‌ಝೌ ನಗರಕ್ಕೆ ಹೋದವರು ಅಲ್ಲಿಯ ಪಶ್ಚಿಮ ಸರೋವರವನ್ನು ನೋಡದೆ ಹಿಂದಿರುಗುವುದಿಲ್ಲ. ಸರೋವರವನ್ನು ನೋಡಿದವರು ಅದರ ಸುತ್ತಣ ಗುಡ್ಡಗಳಲ್ಲಿ ಬೆಳೆಯುವ ಚಹವನ್ನು ಸವಿಯದೆ ಬರುವುದಿಲ್ಲ. ಚಹದಂಗಡಿಯಲ್ಲಿ ಕುಳಿತವರ ಮುಂದೆ ಉದ್ದನೆಯ ಗಾಜಿನ ಲೋಟವೊಂದು ಬರುತ್ತದೆ. ತಳದಲ್ಲಿ ಒಂದು ಚಿಟಿಕೆ ಎಲೆ, ಅದರ ಮೇಲೆ ಬಿಸಿನೀರು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಶುಂಠಿಗಳ ಸುಳಿವೂ ಇಲ್ಲ. ಹಾಲು ಬೆರೆಸಿ ಕುದಿಸಿದ ಚಹಕ್ಕೆ ಹೊಂದಿಕೊಂಡ ನಾಲಿಗೆಗೆ ಮೊದಲ ಗುಟುಕು ನಿರಾಶೆಯನ್ನೇ ತರುತ್ತದೆ. ‘ಇದೇನು, ಬರಿಯ ಬಿಸಿನೀರು!’ ಎಂದು ಲೋಟವನ್ನು ಕೆಳಗಿಡುವವರೇ ಹೆಚ್ಚು.

ಆದರೆ ಲೋಟವನ್ನು ಕೆಳಗಿಟ್ಟು ಒಂದೆರಡು ನಿಮಿಷ ಸುಮ್ಮನೆ ಕುಳಿತವರಿಗೆ ಬೇರೊಂದು ಅನುಭವ ಕಾದಿರುತ್ತದೆ. ನಾಲಿಗೆಯ ಮೇಲಿನ ತೆಳುವಾದ ಒಗರು ಮೆಲ್ಲನೆ ಕರಗಿ, ಗಂಟಲಿನ ಕಡೆಯಿಂದ ಒಂದು ಬಗೆಯ ಸಿಹಿ ಏರಿ ಬರುತ್ತದೆ. ನೆಲ್ಲಿಕಾಯಿಯನ್ನು ಕಚ್ಚಿ ತಿಂದು ಮೇಲೆ ತಣ್ಣೀರು ಕುಡಿದವರಿಗೆ ಈ ಸಿಹಿಯ ಪರಿಚಯ ಇದ್ದೇ ಇದೆ. ಚೀನೀಯರು ಇದಕ್ಕೆ ‘ಹುಯ್‌ಗಾನ್’ ಎನ್ನುತ್ತಾರೆ. ಮರಳಿ ಬರುವ ಸಿಹಿ ಎಂದು ಅದರ ಅರ್ಥ. ಹಸಿರು ಚಹದ ಸೊಗಸೆಲ್ಲ ಅಡಗಿರುವುದು ಈ ಮರಳಿ ಬರುವಿಕೆಯಲ್ಲಿ.

ಈ ಚಹದ ವಿಚಾರದಲ್ಲಿ ಮೂವರು ತೀರ್ಪುಗಾರರು: ಬಣ್ಣವನ್ನು ನೋಡುವ ಕಣ್ಣು, ಹೆಸರನ್ನೂ ಬೆಲೆಯನ್ನೂ ಕೇಳುವ ಕಿವಿ, ಸವಿಯನ್ನು ಅರಿಯುವ ನಾಲಿಗೆ. ಮೊದಲಿನ ಇಬ್ಬರನ್ನು ನಂಬಿ ಹಣ ಕಳೆದುಕೊಂಡವರು ಹಲವರು. ಮೂರನೆಯವನನ್ನು ಪಳಗಿಸಬೇಕೆಂದರೆ ಹಾಂಗ್‌ಝೌ ಗುಡ್ಡಗಳ ‘ಲೊಂಗ್‌ಜಿಂಗ್’ ಚಹಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ‘ಘಟಸರ್ಪದ ಬಾವಿ’ ಎಂಬುದು ಆ ಹೆಸರಿನ ಅರ್ಥ. ಆ ಹೆಸರಿನ ಬಾವಿಯೂ ಹಳ್ಳಿಯೂ ಸರೋವರದ ಆಚೆಯ ಗುಡ್ಡಗಳ ನಡುವೆ ಇಂದಿಗೂ ಇವೆ.

ಒಂದೇ ಗಿಡ, ಎರಡು ದಾರಿ

ಕಪ್ಪು ಚಹ, ಹಸಿರು ಚಹ ಎರಡಕ್ಕೂ ಗಿಡ ಒಂದೇ. 18ನೆಯ ಶತಮಾನದ ಯೂರೋಪಿನ ಸಸ್ಯಶಾಸ್ತ್ರಜ್ಞರು ಇವೆರಡೂ ಬೇರೆ ಬೇರೆ ಗಿಡಗಳ ಎಲೆಗಳೆಂದು ನಂಬಿದ್ದರು. 1840ರ ದಶಕದಲ್ಲಿ ಚೀನಾದ ಒಳನಾಡನ್ನು ಸುತ್ತಿದ ಸ್ಕಾಟ್ಲೆಂಡಿನ ರಾಬರ್ಟ್ ಫಾರ್ಚೂನ್, ಒಂದೇ ಗಿಡದ ಎಲೆಯಿಂದ ಎರಡನ್ನೂ ಮಾಡಬಹುದೆಂದು ಕಂಡುಕೊಂಡು ಪಾಶ್ಚಾತ್ಯರಿಗೆ ತಿಳಿಸಿದನು. ಭೇದವಿರುವುದು ಕೊಯ್ದ ಮೇಲಿನ ಸಂಸ್ಕಾರದಲ್ಲಿ. ಹೆಚ್ಚಿಟ್ಟ ಬದನೆಕಾಯಿ ಗಾಳಿ ತಾಗಿ ಕಪ್ಪಾಗುವುದನ್ನು ಗೃಹಿಣಿಯರೆಲ್ಲ ಬಲ್ಲರು. ಹಿಸುಕಿದ ಚಹದೆಲೆಯೂ ತನ್ನೊಳಗಿನ ಕಿಣ್ವಗಳ ದೆಸೆಯಿಂದ ಹಾಗೆಯೇ ಕಂದುತ್ತದೆ. ಪೂರ್ತಿ ಕಂದಲು ಬಿಟ್ಟರೆ ಅದು ಕಪ್ಪು ಚಹ. ಕಂದುವ ಮೊದಲೇ ಬಿಸಿ ತಾಗಿಸಿ ಕಿಣ್ವಗಳನ್ನು ನಿಷ್ಕ್ರಿಯಗೊಳಿಸಿದರೆ ಹಸಿರು ಚಹ.

ಬಿಸಿ ತಾಗಿಸುವ ಈ ಕ್ರಿಯೆಗೆ ಚೀನೀ ಭಾಷೆಯಲ್ಲಿ ‘ಷಾಚಿಂಗ್’, ಎಂದರೆ ‘ಹಸಿರನ್ನು ಕೊಲ್ಲುವುದು’ ಎಂದು ಹೆಸರು. ಹೆಸರು ಕ್ರೂರವಾದರೂ ಸಾಯುವುದು ಎಲೆಯ ಹಸಿತನವೇ ಹೊರತು ಬಣ್ಣವಲ್ಲ. ಜಪಾನೀಯರು ಈ ಕೆಲಸಕ್ಕೆ ಹೆಚ್ಚಾಗಿ ಹಬೆಯನ್ನು ಬಳಸುತ್ತಾರೆ. ಆದುದರಿಂದ ಅವರ ಚಹದಲ್ಲಿ ಸೊಪ್ಪಿನ, ಕಡಲ ಪಾಚಿಯ ವಾಸನೆ ಮುಂದಾಗಿರುತ್ತದೆ. ಚೀನೀಯರು ಬಹುಮಟ್ಟಿಗೆ ಬಾಣಲೆಯಲ್ಲಿ ಹುರಿಯುತ್ತಾರೆ. ಅವರ ಚಹದಲ್ಲಿ ಹುರಿದ ಕಾಳಿನ ಕಂಪು. ಒಳ್ಳೆಯ ಲೊಂಗ್‌ಜಿಂಗ್ ಚಹದ ಪರಿಮಳದಲ್ಲಿ ಹುರಿಗಡಲೆಯೂ ಎಳೆಯ ಅವರೆಕಾಯಿಯ ಸೊಗಡೂ ಕೂಡಿದಂತೆ ತೋರುತ್ತದೆ.

ಅಂಗೈಯೇ ಸೌಟು

ಈ ಎಲೆಯನ್ನು ಬಿಡಿಯಾಗಿ ನೀರಿಗೆ ಹಾಕಿ ಕುಡಿಯುವ ಪದ್ಧತಿ ಚೀನಾದಲ್ಲಿ ಅನಾದಿಯದೇನಲ್ಲ. ಹಿಂದೆ ಎಲೆಯನ್ನು ಬಿಲ್ಲೆಗಳಾಗಿ ಒತ್ತಿ, ಬೇಕಾದಾಗ ಪುಡಿ ಮಾಡಿ ಬಳಸುತ್ತಿದ್ದರು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿಯು ಅರಮನೆಗೆ ಕಪ್ಪವಾಗಿ ಬರುವ ಚಹ ಬಿಲ್ಲೆಯಾಗಿರಬಾರದು, ಬಿಡಿ ಎಲೆಯಾಗಿರಬೇಕು ಎಂದು ಆಜ್ಞೆ ಮಾಡಿದನು. ಬಿಲ್ಲೆ ಮಾಡುವ ಶ್ರಮದಿಂದ ಜನರಿಗೆ ಬಿಡುಗಡೆಯಾಯಿತು. ಎಲೆಯ ಆಕಾರಕ್ಕೂ ಹುರಿಯುವ ಕೈಚಳಕಕ್ಕೂ ಬೆಲೆ ಬಂದಿತು.

ಲೊಂಗ್‌ಜಿಂಗ್ ಚಹದ ಎಲೆ ಚಪ್ಪಟೆ, ನುಣುಪು, ನೇರ. ಪುಸ್ತಕದ ಹಾಳೆಗಳ ನಡುವೆ ಒತ್ತಿಟ್ಟ ಹೂವಿನ ಎಸಳಿನಂತೆ. ಆ ರೂಪ ಬರುವುದು ಅಂಗೈಯ ಒತ್ತಡದಿಂದ. ಒಂದು ಮೊಗ್ಗಿನೊಡನೆ ಒಂದೋ ಎರಡೋ ಎಳೆ ಎಲೆಗಳಿರುವ ಕುಡಿಯನ್ನು ಬೆಳಗಿನಲ್ಲಿ ಕೊಯ್ದು, ನೆರಳಿನಲ್ಲಿ ಕೆಲವು ಗಂಟೆ ಹರಡಿ ಬಾಡಿಸುತ್ತಾರೆ. ಬಳಿಕ ಕಾದ ಬಾಣಲೆಗೆ ಒಂದೆರಡು ಹಿಡಿ ಎಲೆ ಹಾಕಿ, ಬರಿಗೈಯಿಂದಲೇ ಹುರಿಯಲು ತೊಡಗುತ್ತಾರೆ. ಹಿಡಿಯುವುದು, ಕೊಡಹುವುದು, ಒತ್ತುವುದು, ತಳ್ಳುವುದು, ಉಜ್ಜುವುದು ಮೊದಲಾಗಿ ಹತ್ತು ಬಗೆಯ ಕೈಚಲನೆಗಳಿಗೆ ಅಲ್ಲಿ ಹೆಸರಿದೆ. ಮೊದಲ ಹುರಿತಕ್ಕೆ ಸುಮಾರು ಕಾಲು ಗಂಟೆ. ಅನಂತರ ಸುಮಾರು ಒಂದು ಗಂಟೆ ಆರಲು ಬಿಟ್ಟು, ಎರಡನೆಯ ಬಾರಿ ಇನ್ನೂ 20–25 ನಿಮಿಷ. ನಾಲ್ಕೈದು ಕಿಲೋ ಹಸಿ ಎಲೆ ಒಂದು ಕಿಲೋ ಚಹವಾಗುತ್ತದೆ.

ಎಲೆಯ ತೇವ ಎಷ್ಟು ಉಳಿದಿದೆ, ಈಗ ಒತ್ತಬೇಕೇ ಬಿಡಬೇಕೇ ಎಂಬುದನ್ನು ಬೆರಳುಗಳು ತಾವೇ ನಿರ್ಣಯಿಸಬೇಕು. ಒಂದು ಕ್ಷಣ ತಡವಾದರೆ ಸೀದ ವಾಸನೆ, ಒಂದು ಕ್ಷಣ ಮೊದಲಾದರೆ ಹಸಿ ಹುಲ್ಲಿನ ವಾಸನೆ. ಈ ಪಾಠ ಕೈಗೆ ಬರುವಷ್ಟರಲ್ಲಿ ಬೊಬ್ಬೆಗಳೆದ್ದು ಮಾಯುವುದು ಎಷ್ಟು ಸಲವೋ! ಈಗ ಬಹುಪಾಲು ಚಹವನ್ನು ಯಂತ್ರಗಳೇ ಹುರಿಯುತ್ತವೆ. ಕಡೆಯ ಹದಕ್ಕೆ ಮಾತ್ರ ಕೈ ಹಾಕುವವರೂ ಉಂಟು, ಪೂರ್ತಿ ಕೈಯಿಂದಲೇ ಹುರಿಯುವವರೂ ಉಳಿದಿದ್ದಾರೆ. ಚೀನಾದ ಸಾಂಪ್ರದಾಯಿಕ ಚಹ ತಯಾರಿಕೆಯನ್ನು ಯುನೆಸ್ಕೋ ಸಂಸ್ಥೆ 2022ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯ ಗೌರವ ದೊಡ್ಡದೇ. ಆದರೆ ಬಾಣಲೆಯ ಬಿಸಿಯನ್ನು ತಾಳುವ ಹೊಸ ಕೈಗಳು ಬಂದಾಗಲೇ ಅದು ಸಾರ್ಥಕ.

ಪಂಚಾಂಗವೂ ಬೆಲೆಯೂ

ಹಿರಿಯರ ಸಮಾಧಿಗಳನ್ನು ಶುದ್ಧಿಮಾಡುವ ಚಿಂಗ್‌ಮಿಂಗ್ ಹಬ್ಬ ಏಪ್ರಿಲ್ 4 ಅಥವಾ 5ರ ಸುಮಾರಿಗೆ ಬರುತ್ತದೆ. ಅದಕ್ಕೆ ಮುನ್ನ ಕೊಯ್ದ ಕುಡಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ಏಪ್ರಿಲ್ 20ರ ಸುಮಾರಿನ ‘ಧಾನ್ಯದ ಮಳೆ’ ಎಂಬ ಪರ್ವದವರೆಗೆ ಕೊಯ್ದದ್ದು ಅದರ ನಂತರದ್ದು. ಇದು ಕೇವಲ ಸಂಪ್ರದಾಯವಲ್ಲ. ಚಳಿಗಾಲವೆಲ್ಲ ವಿಶ್ರಮಿಸಿದ ಗಿಡದ ಮೊದಲ ಕುಡಿಯಲ್ಲಿ ಥಿಯನಿನ್ ಎಂಬ ವಸ್ತು ಸಮೃದ್ಧವಾಗಿರುತ್ತದೆ. ಮೃದುವಾದ ಸವಿ ಅದರದು. ಬಿಸಿಲು ಬಲಿತಂತೆಲ್ಲ ಒಗರನ್ನು ಕೊಡುವ ಕ್ಯಾಟೆಚಿನ್‌ಗಳ ಪಾಲು ಏರುತ್ತದೆ.

ಆದರೆ ಇಲ್ಲಿಯೇ ಕಿವಿಗೆ ಮೋಸವಾಗುವುದು. ಹಾಂಗ್‌ಝೌ ನಗರದ ಚಹ ಸಂಶೋಧನಾ ಸಂಸ್ಥೆ ಬೆಳೆಸಿದ ‘ಲೊಂಗ್‌ಜಿಂಗ್ 43’ ಎಂಬ ತಳಿ ಬೇಗ ಚಿಗುರುತ್ತದೆ. ಕಡ್ಡಿ ನೆಟ್ಟು ಬೆಳೆಸುವ ತಳಿಯಾದುದರಿಂದ ಅದರ ಎಲೆಗಳೆಲ್ಲ ಒಂದೇ ಅಳತೆಯವು, ನೋಡಲು ಅಂದ. ಬೀಜದಿಂದ ಬೆಳೆದ ಹಳೆಯ ಗಿಡಗಳಾದರೋ ಒಂದರಂತೆ ಒಂದಿಲ್ಲ. ಅವು ಚಿಗುರುವುದೂ ತಡ. ಹಬ್ಬದ ಹೊತ್ತಿಗೆ ಅವುಗಳ ಕುಡಿ ಆಗತಾನೆ ಕಣ್ಣು ಬಿಡುತ್ತಿರುತ್ತದೆ. ಅವುಗಳ ಚಹದಲ್ಲಿ ಹೆಚ್ಚು ತುಂಬಿದ ರುಚಿಯಿದೆಯೆಂದು ಸ್ಥಳೀಯ ರಸಿಕರು ಹುಡುಕಿಕೊಂಡು ಹೋಗುತ್ತಾರೆ. ಹಬ್ಬದ ತಾರೀಕನ್ನೊಂದೇ ನೋಡಿ ಕೊಳ್ಳುವವನಿಗೆ ಈ ಗಿಡಗಳ ರುಚಿ ಎಂದೂ ತಿಳಿಯುವುದಿಲ್ಲ.

ಹೆಸರಿನ ಕಥೆಯೂ ಹೀಗೆಯೇ. 18ನೆಯ ಶತಮಾನದ ಚಿಯಾನ್‌ಲೊಂಗ್ ಚಕ್ರವರ್ತಿಯು ಸಿಂಹಶಿಖರದ ತಪ್ಪಲಿಗೆ ಬಂದು, ಅಲ್ಲಿಯ ಗುಡಿಯ ಮುಂದಿನ 18 ಚಹದ ಗಿಡಗಳನ್ನು ಅರಮನೆಗೆ ಮೀಸಲಿಟ್ಟನೆಂದು ಐತಿಹ್ಯವಿದೆ. ಆ ಕೀರ್ತಿಯ ಬೆನ್ನಿಗೆ ಹುಸಿ ಮಾಲೂ ಬೆಳೆಯಿತು. ಕಡೆಗೆ 2001ರಲ್ಲಿ ಚೀನಾ ಸರ್ಕಾರ ಲೊಂಗ್‌ಜಿಂಗ್ ಹೆಸರಿಗೆ ರಕ್ಷಣೆ ಕೊಟ್ಟಿತು. ಪಶ್ಚಿಮ ಸರೋವರದ ಹೆಸರನ್ನು ಹೊರುವ ಹಕ್ಕು ಸುಮಾರು 168 ಚದರ ಕಿಲೋಮೀಟರ್ ಪ್ರದೇಶದ ಚಹಕ್ಕೆ ಮಾತ್ರ ಉಂಟು. ಡಬ್ಬಿಗಳ ಮೇಲಿನ ಹೆಸರು ಮಾತ್ರ ಆ ಗಡಿಯನ್ನು ಎಷ್ಟೋ ಸಲ ದಾಟುತ್ತದೆ.

ಕಣ್ಣಿಗೆ ಹಚ್ಚಿದ ಬಣ್ಣ

ಕಣ್ಣು ಮೋಸಹೋದ ಕಥೆ ಇದಕ್ಕಿಂತ ಹಳೆಯದು. ಮೇಲೆ ಹೇಳಿದ ಫಾರ್ಚೂನನು 1852ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ವಿಚಿತ್ರವಾದ ಸಂಗತಿಯೊಂದನ್ನು ದಾಖಲಿಸಿದ್ದಾನೆ. ಹೊರದೇಶಗಳಿಗೆ ಕಳುಹಿಸುವ ಹಸಿರು ಚಹಕ್ಕೆ ಕೆಲಸಗಾರರು ಪ್ರಷ್ಯನ್ ನೀಲಿಯನ್ನೂ ಜಿಪ್ಸಮ್ ಪುಡಿಯನ್ನೂ ಬೆರೆಸುತ್ತಿದ್ದರು. ಅವರ ಕೈಗಳೆಲ್ಲ ನೀಲಿಯಾಗಿದ್ದವು. ಕಾರಣವೇನೆಂದರೆ, ಪರದೇಶದ ಗಿರಾಕಿಗಳಿಗೆ ಚಹ ಕಣ್ಣಿಗೆ ಒಪ್ಪವಾಗಿ ಕಾಣಬೇಕಾಗಿತ್ತು. ಹಾಗೆ ಬಣ್ಣ ಕಟ್ಟಿದ ಚಹವನ್ನು ಚೀನೀಯರು ತಾವು ಕುಡಿಯುತ್ತಿರಲಿಲ್ಲ!

ಇಂದಿಗೂ ಅಚ್ಚ ಹಸಿರಾಗಿ ಹೊಳೆಯುವ ಎಲೆಯನ್ನೇ ಉತ್ತಮವೆಂದು ಆರಿಸುವವರಿದ್ದಾರೆ. ಸಿಂಹಶಿಖರದ ಒಳ್ಳೆಯ ಲೊಂಗ್‌ಜಿಂಗ್ ಎಲೆಯಾದರೋ ಹಸಿರಿನೊಡನೆ ಹಳದಿ ಬೆರೆತ, ಪಾಲಿಶ್ ಮಾಡದ ಅಕ್ಕಿಯ ಬಣ್ಣದ್ದು. ಅಂಗಡಿಯಲ್ಲಿ ಅದು ಮಂಕಾಗಿ ಕಂಡರೆ ಆಶ್ಚರ್ಯವಿಲ್ಲ.

ನೀರಿನ ಹದ

ಎಲೆ ಎಷ್ಟು ಒಳ್ಳೆಯದಾದರೂ ನೀರು ಒಲಿಯದಿದ್ದರೆ ವ್ಯರ್ಥ. 8ನೆಯ ಶತಮಾನದಲ್ಲಿ ‘ಚಾ ಜಿಂಗ್’ ಎಂಬ ಚಹದ ಶಾಸ್ತ್ರಗ್ರಂಥವನ್ನು ಬರೆದ ಲು ಯು ಎಂಬ ಪಂಡಿತನು ಬೆಟ್ಟದ ನೀರನ್ನು ಉತ್ತಮವೆಂದೂ ನದಿಯ ನೀರನ್ನು ಮಧ್ಯಮವೆಂದೂ ಬಾವಿಯ ನೀರನ್ನು ಅಧಮವೆಂದೂ ಎಣಿಸಿದನು. ಬಾವಿಯ ಹೆಸರನ್ನೇ ಹೊತ್ತ ಲೊಂಗ್‌ಜಿಂಗ್ ಚಹಕ್ಕೂ ಹಾಂಗ್‌ಝೌ ಜನರು ಸಮೀಪದ ಹುಪಾವ್ ಗುಡ್ಡದ ಒರತೆಯ ನೀರನ್ನೇ ಸರಿಜೋಡಿಯೆಂದು ಹೊಗಳುತ್ತಾರೆ. ಒರತೆ ಸಿಗದವರಿಗೆ ಲವಣಾಂಶ ಕಡಮೆಯಿರುವ ಮೆದು ನೀರು ಸಾಕು. ಗಡಸು ನೀರಿನಲ್ಲಿ ಚಹದ ಬಣ್ಣವೂ ಸವಿಯೂ ಮಂಕಾಗುತ್ತವೆ.

ನೀರು ಕುದಿಯುತ್ತಿರುವಾಗಲೇ ಸುರಿಯಬಾರದು. ಒಗರನ್ನು ಕೊಡುವ ಕ್ಯಾಟೆಚಿನ್ ಬಿಸಿ ಹೆಚ್ಚಿದಷ್ಟೂ ಹೆಚ್ಚಾಗಿ ಇಳಿಯುತ್ತದೆ. ಮೃದುವಾದ ಸವಿಯ ಥಿಯನಿನ್ ಕಡಮೆ ಬಿಸಿಯಲ್ಲಿಯೂ ಇಳಿದು ಬರುತ್ತದೆ. ಆದುದರಿಂದ ಕುದಿದ ನೀರನ್ನು ತೆರೆದ ಪಾತ್ರೆಯಲ್ಲಿ ಕೆಲವು ನಿಮಿಷ ಆರಲು ಬಿಟ್ಟು, ಸುಮಾರು 80 ಡಿಗ್ರಿಗೆ ಇಳಿದಾಗ ಬಳಸುವುದು ಮೇಲು. 3 ಗ್ರಾಂ ಎಲೆಗೆ ಒಂದು ಲೋಟ ನೀರು. ಮೊದಲು ಎಲೆ ನೆನೆಯುವಷ್ಟು ಸುರಿದು ಲೋಟವನ್ನು ಮೆಲ್ಲನೆ ತಿರುಗಿಸಿದರೆ ಕಂಪು ಏಳುತ್ತದೆ. ಆಮೇಲೆ ಉಳಿದ ನೀರು. ಎಲೆಗಳು ಮೇಲೆ ತೇಲಿ, ನೀರು ಕುಡಿದು, ಒಂದೊಂದಾಗಿ ನೆಟ್ಟಗೆ ನಿಂತು ತಳಕ್ಕೆ ಇಳಿಯುತ್ತವೆ. ಬಾಣಲೆಯಲ್ಲಿ ಚಪ್ಪಟೆಯಾದ ಕುಡಿ ನೀರಿನಲ್ಲಿ ಅರಳಿ ಮತ್ತೆ ಗಿಡದ ಮೇಲಿದ್ದ ರೂಪವನ್ನೇ ತಳೆಯುತ್ತದೆ. ಲೋಟ ಮೂರರಲ್ಲಿ ಒಂದು ಪಾಲು ಉಳಿದಿರುವಾಗಲೇ ಮತ್ತೆ ಬಿಸಿನೀರು ಸೇರಿಸಬೇಕು. ಹೀಗೆ ಎರಡು ಮೂರು ಬಾರಿ ಸವಿಯಬಹುದು.

ಪರೀಕ್ಷಕನೂ ರಸಿಕನೂ

ಚಹವನ್ನು ಪರೀಕ್ಷಿಸುವ ವೃತ್ತಿಯವರ ಕ್ರಮ ಇದಕ್ಕೆ ತೀರ ವಿರುದ್ಧ. ಚೀನಾದ ಪರೀಕ್ಷಾವಿಧಿಯಂತೆ 3 ಗ್ರಾಂ ಎಲೆಗೆ 150 ಮಿಲಿಲೀಟರ್ ಕುದಿಯುವ ನೀರನ್ನೇ ಸುರಿದು, ಹಸಿರು ಚಹವಾದರೆ 4 ನಿಮಿಷ ಬಿಡುತ್ತಾರೆ. ಕುದಿನೀರು ಎಲೆಯ ದೋಷಗಳನ್ನೆಲ್ಲ ಹೊರಗೆಳೆಯುತ್ತದೆ: ಸೀದದ್ದು, ಹಳೆಯದಾದದ್ದು, ಮುಗ್ಗಿದ್ದು ಯಾವುದೂ ಅಡಗಿ ಕೂಡದು. ಅನಂತರ ಚಮಚದಲ್ಲಿ ತೆಗೆದು, ಗಾಳಿಯೊಡನೆ ‘ಸೊರ್’ ಎಂದು ಹೀರಿ, ಬಾಯ ತುಂಬ ಹರಡುತ್ತಾರೆ. ಮಕ್ಕಳು ಹೀಗೆ ಸದ್ದುಮಾಡಿದರೆ ಬೈಸಿಕೊಳ್ಳುತ್ತಾರೆ. ಪರೀಕ್ಷಕನಿಗೆ ಅದೇ ವಿದ್ಯೆ. ಹೆಸರಾಂತ ಹಸಿರು ಚಹಕ್ಕೆ ಕೊಡುವ 100 ಅಂಕಗಳಲ್ಲಿ ಒಣ ಎಲೆಯ ರೂಪಕ್ಕೆ 25, ಪರಿಮಳಕ್ಕೆ 25, ರುಚಿಗೆ 30, ಕಷಾಯದ ಬಣ್ಣಕ್ಕೆ ಮತ್ತು ನೆಂದ ಎಲೆಗೆ ತಲಾ 10. ಎಲ್ಲಕ್ಕಿಂತ ದೊಡ್ಡ ಪಾಲು ನಾಲಿಗೆಯದೇ.

ಪರೀಕ್ಷಕನು ದೋಷವನ್ನು ಹುಡುಕುತ್ತಾನೆ, ರಸಿಕನು ಗುಣವನ್ನು. ಮನೆಯಲ್ಲಿ ಚಹವನ್ನು ಕೊಂಡವರು ಎರಡು ವೇಷವನ್ನೂ ಹಾಕಬಹುದು. ಹೊಸ ಡಬ್ಬಿ ತೆರೆದ ದಿನ ಒಮ್ಮೆ ಕುದಿನೀರಿನಲ್ಲಿ ನೋಡಿದರೆ ಮಾಲಿನ ನಿಜ ತಿಳಿಯುತ್ತದೆ. ಮಾರನೆಯ ದಿನದಿಂದ ಆರಿದ ನೀರಿನಲ್ಲಿ ಅದರ ಸವಿಯನ್ನು ಕಾಣಬಹುದು. ಉಳಿದ ಎಲೆಯನ್ನು ಗಾಳಿ, ಬೆಳಕು, ಮಸಾಲೆಯ ವಾಸನೆಗಳಿಂದ ದೂರವಿಡಬೇಕು. ಹಾಂಗ್‌ಝೌ ಮನೆಗಳಲ್ಲಿ ಹಿಂದಿನಿಂದಲೂ ಮಣ್ಣಿನ ಜಾಡಿಯೊಳಗೆ ಸುಡುಸುಣ್ಣದ ಗಂಟೊಂದನ್ನು ಇಟ್ಟು, ಕಾಗದದಲ್ಲಿ ಸುತ್ತಿದ ಚಹವನ್ನು ಅದರೊಡನೆ ಕಾಪಾಡುತ್ತಿದ್ದರು. ಸುಣ್ಣವು ತೇವವನ್ನೆಲ್ಲ ಹೀರಿಕೊಳ್ಳುತ್ತಿತ್ತು.

ಸರೋವರದ ಬಳಿಯ ಚಹದಂಗಡಿಯಲ್ಲಿ ಲೋಟವನ್ನು ಕೆಳಗಿಟ್ಟು ಎದ್ದು ಹೋದವನು ಚಹಕ್ಕೆ ಕೊಟ್ಟ ಹಣವನ್ನು ಮಾತ್ರ ಕಳೆದುಕೊಳ್ಳಲಿಲ್ಲ. ಮುಂಜಾನೆ ಕುಡಿ ಕೊಯ್ದ ಬೆರಳುಗಳ ಶ್ರಮವೂ ಬಾಣಲೆಯ ಮುಂದೆ ಬೆಂದ ಅಂಗೈಯ ವಿದ್ಯೆಯೂ ಅವನ ಪಾಲಿಗೆ ಬಿಸಿನೀರಾಗಿಯೇ ಉಳಿದವು. ಅವನ ಪಕ್ಕದಲ್ಲಿ ಕಾದು ಕುಳಿತವನಿಗೆ ಎರಡನೆಯ ನೀರು ಬಂದಿತು. ಎಲೆಗಳೆಲ್ಲ ತಳ ಸೇರಿದ್ದವು. ಗುಟುಕು ಇಳಿದ ಮೇಲೆ ಅವನು ಏನನ್ನೂ ನುಡಿಯದೆ, ಗಂಟಲಿನಲ್ಲಿ ಮೆಲ್ಲನೆ ಏರಿ ಬರುತ್ತಿದ್ದ ಸಿಹಿಗಾಗಿ ಕಾಯುತ್ತಿದ್ದನು.