ಅಡಿಕೆ ಖರೀದಿ ಪ್ರತಿನಿಧಿಯ ಕಮಿಷನ್: ಎಲ್ಲಿಯವರೆಗೆ ಹಲಾಲ್?

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಅಡಿಕೆ ಸುಗ್ಗಿ ಬಂತೆಂದರೆ ಹೊರಊರಿನ ವ್ಯಾಪಾರಿಗಳು ತಮ್ಮ ಪರವಾಗಿ ಮಾಲು ಕೊಳ್ಳಲು ಇಲ್ಲಿಯವರನ್ನೇ ನೇಮಿಸಿಕೊಳ್ಳುತ್ತಾರೆ. ನಮ್ಮ ಸಮುದಾಯದ ಹಲವು ಯುವಕರಿಗೂ ಇದೇ ಜೀವನೋಪಾಯ. ತೋಟದ ಮನೆಗಳಿಗೆ ಬೈಕಿನಲ್ಲಿ ತಿರುಗಿ, ಚೀಲ ಬಿಚ್ಚಿಸಿ, ರಾಶಿಯೋ ಬೆಟ್ಟೆಯೋ ಗೊರಬಲೋ ಎಂದು ನೋಡಿ, ದರ ಮಾತಾಡಿ, ತೂಕ ಮಾಡಿಸಿ ಲಾರಿಗೆ ಹೇರಿಸುವ ಈ ದುಡಿಮೆಗೆ ಪಡೆಯುವ ಹಣ ಹಲಾಲೇ ಎಂದು ಕೇಳುವವರಿದ್ದಾರೆ.

ಹಲಾಲ್ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಕರ್ಮಶಾಸ್ತ್ರವು ಇದನ್ನು ವಕಾಲತ್ ಎನ್ನುತ್ತದೆ. ಅದಕ್ಕೆ ಪ್ರತಿಫಲ ಪಡೆಯಬಹುದು. ದಲ್ಲಾಳಿಯ ಕೂಲಿಗೆಂದೇ ಇಮಾಮ್ ಬುಖಾರಿ(ರ) ತಮ್ಮ ಸಂಗ್ರಹದಲ್ಲಿ ಒಂದು ಅಧ್ಯಾಯವಿರಿಸಿ, ಇಬ್ನ್ ಸೀರೀನ್, ಅತಾ, ಇಬ್ರಾಹೀಮ್, ಹಸನ್ ಇದರಲ್ಲಿ ದೋಷ ಕಾಣಲಿಲ್ಲವೆಂದು ದಾಖಲಿಸಿದ್ದಾರೆ. ಆದರೆ ಕೂಲಿ ಮೊದಲೇ ಗೊತ್ತಾಗಿರಬೇಕು. ಶೇಕಡಾವಾರು ಕಮಿಷನ್ನಿನಲ್ಲಿ ಮೊತ್ತ ಮುಂಚಿತವಾಗಿ ತಿಳಿಯದೆಂದು ಹಿಂದಿನ ಹಲವರು ಹಿಂಜರಿದರು. ನಂತರದ ಹನಫಿ ವಿದ್ವಾಂಸರಲ್ಲಿ ಅನೇಕರು ಜನರ ಅಗತ್ಯ ಹಾಗೂ ರೂಢಿ ನೋಡಿ ಅನುಮತಿಸಿದರು. ಕ್ವಿಂಟಾಲಿಗೆ ಇಂತಿಷ್ಟು ಎಂದು ಮಾತಾದರೆ ಆ ಚರ್ಚೆಯೂ ಬೇಕಿಲ್ಲ.

ತೊಡಕಿರುವುದು ಚೀಟಿಯಲ್ಲಿ. ಕ್ವಿಂಟಾಲಿಗೆ 48,000 ರೂಪಾಯಿವರೆಗೆ ಕೊಳ್ಳಲು ವ್ಯಾಪಾರಿ ಹೇಳಿರುತ್ತಾನೆ, ಪ್ರತಿನಿಧಿ 47,500ಕ್ಕೆ ಕೊಂಡು 48,000 ಎಂದು ಬರೆಯುತ್ತಾನೆ, ಕಮಿಷನ್ ಬೇರೆ. ಉಳಿದ 500 ರೂಪಾಯಿ ತನ್ನ ಜಾಣ್ಮೆಯ ಫಲವಂತೆ! ಉರ್ವಾ ಅಲ್ ಬಾರಿಕಿ(ರ) ಇವರಿಗಿಂತ ಜಾಣರಾಗಿದ್ದರು. ಒಂದು ಕುರಿ ತರಲು ಪ್ರವಾದಿ(ಸ) ಅವರಿಗೆ ಒಂದು ದೀನಾರ್ ಕೊಟ್ಟರು. ಅವರು ಅದರಲ್ಲಿ ಎರಡು ಕುರಿ ಕೊಂಡು, ಒಂದನ್ನು ಒಂದು ದೀನಾರಿಗೆ ಮಾರಿ, ಕುರಿಯನ್ನೂ ದೀನಾರನ್ನೂ ತಂದೊಪ್ಪಿಸಿದರು. ಅವರ ವ್ಯಾಪಾರದಲ್ಲಿ ಬರಕತ್ತಿಗಾಗಿ ಪ್ರವಾದಿ(ಸ) ಪ್ರಾರ್ಥಿಸಿದರು. ದೀನಾರ್ ಮರಳಿದ್ದು ಕೊಟ್ಟವರ ಕೈಗೆ ಎಂಬುದನ್ನು ನಮ್ಮವರು ಗಮನಿಸಬೇಕು.

ಇಂತಿಷ್ಟಕ್ಕೆ ಮಾರು, ಹೆಚ್ಚಿಗೆ ಬಂದದ್ದು ನಿನಗೆ ಎನ್ನುವುದಕ್ಕೆ ಅಡ್ಡಿಯಿಲ್ಲವೆಂದು ಇಬ್ನ್ ಅಬ್ಬಾಸ್(ರ) ಹೇಳಿದ್ದುಂಟು. ಆ ಮಾತು ಮಾಲೀಕನ ಬಾಯಿಂದ ಬರಬೇಕು, ಪ್ರತಿನಿಧಿಯ ಮನಸ್ಸಿನಿಂದಲ್ಲ. ತನ್ನದೇ ಗೋದಾಮಿನ ಮಾಲನ್ನು ವ್ಯಾಪಾರಿಗೆ ತಿಳಿಸದೆ ಅವನ ಹೆಸರಿಗೆ ಕೊಳ್ಳುವುದೂ, ಬೆಳೆಗಾರನಿಂದ ಗುಟ್ಟಾಗಿ ಕೈಗಾವಲು ಪಡೆಯುವುದೂ ಇದೇ ಸಾಲಿನವು.

ಕಳೆದ ಸುಗ್ಗಿಗಳಲ್ಲಿ ಹೀಗೆ ಉಳಿಸಿಕೊಂಡವರು ಆ ಹಣವನ್ನು ಮಸೀದಿಯ ಡಬ್ಬಿಗೆ ಹಾಕಿ ನಿರಾಳವಾಗುವಂತಿಲ್ಲ. ವ್ಯಾಪಾರಿ ಇನ್ನೂ ಫೋನಿಗೆ ಸಿಗುತ್ತಾನೆ. ಅವನಿಗೆ ಲೆಕ್ಕ ಹೇಳಬೇಕು. ಅವನು ಬಿಟ್ಟುಕೊಟ್ಟರೆ ಸರಿ, ಕೇಳಿದರೆ ಹಿಂದಿರುಗಿಸಬೇಕು.